ಮಡಿಲಲ್ಲಿ ದಾರ ನಿಲ್ಲದ ಬಟ್ಟೆ ಯಾವುದು? ಹೊಲಿಗೆಗೆ ಕೂರುವವರಿಗೆ ಉಡುಪಿನ ಹೋಲಿಕೆ

ಹೊಲಿಗೆ ಮಿಷನ್ನಿನಿಂದ ಎದ್ದವರ ಬಟ್ಟೆ ನೋಡಿದರೆ ದಾರದ ಚೂರುಗಳು ಹೆಚ್ಚಾಗಿ ಒಂದೇ ಕಡೆ ಇರುತ್ತವೆ: ಮಡಿಲಲ್ಲಿ, ಹೊಟ್ಟೆಯಿಂದ ಮೊಣಕಾಲಿನವರೆಗೆ. ಕತ್ತರಿಸಿದ ತುದಿ ಬೀಳುವುದು ಅಲ್ಲಿಗೇ, ಬಿಚ್ಚಿದ ಹೊಲಿಗೆಯ ಎಳೆ ಸೇರುವುದೂ ಅಲ್ಲಿಗೇ. ಹಾಗಾಗಿ ಯಾವ ಬಟ್ಟೆ ತೊಟ್ಟು ಕೂರಬೇಕು ಎಂಬುದನ್ನು ಮಡಿಲಿನ ಲೆಕ್ಕದಲ್ಲೇ ತೀರ್ಮಾನಿಸಬೇಕು. ಕೂತಾಗ ಆ ಭಾಗ ನುಣುಪಾಗಿ, ಸಪಾಟಾಗಿ ಇದ್ದರೆ ಎದ್ದು ಒಮ್ಮೆ ಕೊಡವಿದರೆ ಮುಗಿಯಿತು. ನೆರಿಗೆ, ಗುಂಜು, ಬಾಯಿ ತೆರೆದ ಜೇಬು ಇದ್ದರೆ ದಾರ ಅಲ್ಲೇ ಉಳಿದು, ಅಡುಗೆಮನೆಗೂ ಹಾಸಿಗೆಗೂ ನಿಮ್ಮ ಜೊತೆ ಬರುತ್ತದೆ.

ಎರಡನೆಯ ಲೆಕ್ಕ ಸುರಕ್ಷತೆಯದು. ತಿರುಗುವ ಚಕ್ರ, ಬೆಲ್ಟು, ಮೇಲೆ ಕೆಳಗೆ ಆಡುವ ದಾರದ ಕಡ್ಡಿ, ಸೂಜಿ, ಪಕ್ಕದಲ್ಲಿ ಬಿಸಿ ಇಸ್ತ್ರಿ ಪೆಟ್ಟಿಗೆ. ಜೋಲುವ ಯಾವುದೂ ಇವುಗಳ ಹತ್ತಿರ ಇರಬಾರದು.

ಮೊದಲು ಬಟ್ಟೆಯ ಜಾತಿ

ದಾವಣಗೆರೆ, ಚಿತ್ರದುರ್ಗದ ಕಡೆ ಸಂಕ್ರಾಂತಿ ಕಳೆದ ಮೇಲೆ ಮೊದಲ ಮಳೆ ಬರುವವರೆಗೆ ಹವೆ ಒಣಗಿರುತ್ತದೆ. ಈ ತಿಂಗಳುಗಳಲ್ಲಿ ಪಾಲಿಯೆಸ್ಟರ್ ಬಟ್ಟೆ ತೊಟ್ಟು ಹೊಲಿದರೆ ದಾರ ಮೈಗೆ ಅಂಟಿ ಕೂರುತ್ತದೆ, ಕೊಡವಿದರೂ ಹೋಗುವುದಿಲ್ಲ. ಕಾರಣ ತೇವದಲ್ಲಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಹಿಡಿಯುವುದು ಸುಮಾರು ಶೇ. 0.4 ಮಾತ್ರ. ಬಟ್ಟೆ ಬಟ್ಟೆಗೆ ಉಜ್ಜಿದಾಗ ಹುಟ್ಟುವ ವಿದ್ಯುತ್ತು ಹತ್ತಿಯ ತೇವದ ಮೂಲಕ ಹರಿದುಹೋಗುತ್ತದೆ. ಪಾಲಿಯೆಸ್ಟರಿನಲ್ಲಿ ಹರಿಯಲು ದಾರಿಯಿಲ್ಲದೆ ಮೇಲ್ಮೈಯಲ್ಲೇ ನಿಂತು ಹಗುರವಾದ ಎಳೆಗಳನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅದೇ ಬಟ್ಟೆ ಇಷ್ಟು ತೊಂದರೆ ಕೊಡುವುದಿಲ್ಲ.

ಇಸ್ತ್ರಿಯ ಹತ್ತಿರವೂ ಹತ್ತಿಯೇ ಮೇಲು. ಪಾಲಿಯೆಸ್ಟರ್ 250–260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲೇ. ಹತ್ತಿಗೆ ಇಟ್ಟ ಪೆಟ್ಟಿಗೆ 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹತ್ತಿ ಬಟ್ಟೆ ತಾಗಿದರೆ ಕಂದುತ್ತದೆ. ಸಿಂಥೆಟಿಕ್ ಬಟ್ಟೆ ಮುದುಡಿ ಅಂಟುತ್ತದೆ, ಕರಗಿದ್ದು ಚರ್ಮಕ್ಕೆ ಹತ್ತಿದರೆ ಗಾಯ ಆಳವಾಗುತ್ತದೆ.

ಹತ್ತಿಯಲ್ಲೂ ಎಲ್ಲವೂ ಒಂದೇ ಅಲ್ಲ. ಪಾಪ್ಲಿನ್, ಕ್ಯಾಂಬ್ರಿಕ್, ಟೂ ಬೈ ಟೂ ಇಂಥ ಬಿಗಿ ನೇಯ್ಗೆಯ ಬಟ್ಟೆಯಿಂದ ದಾರ ಜಾರಿ ಬೀಳುತ್ತದೆ. ಖಾದಿ ಬೇಸಿಗೆಗೆ ಹಿತ, ಆದರೆ ಅದರ ಒರಟು ಎಳೆಗಳಿಗೆ ದಾರದ ತುದಿ ಸಿಕ್ಕಿಕೊಳ್ಳುತ್ತದೆ. ರೇಯಾನ್ ತಂಪು, ನುಣುಪು. ಉಟ್ಟರೆ ತಪ್ಪಿಲ್ಲ, ಅದರ ಅಗಲ ಮಾತ್ರ ಹೆಚ್ಚಿರಬಾರದು. ಟಿ-ಶರ್ಟು, ಲೆಗ್ಗಿಂಗ್ಸ್‌ನಂಥ ಹೆಣಿಗೆ ಬಟ್ಟೆಯಲ್ಲಿ ಒಂದಕ್ಕೊಂದು ಹೆಣೆದ ಕುಣಿಕೆಗಳಿರುವುದರಿಂದ ಗುಂಡುಪಿನ್ನು ಒಂದನ್ನು ಹಿಡಿದೆಳೆದರೆ ತೂತು ಬೀಳುತ್ತದೆ. ಚಳಿಗಾಲದ ಬೆಳಗ್ಗೆ ಸ್ವೆಟರ್ ಹಾಕಿ, ಕಂಬಳಿ ಹೊದ್ದು ಹೊಲಿಯುವುದಂತೂ ಬೇಡ. ಚಳ್ಳಕೆರೆಯ ಕಂಬಳಿ ಹೊದೆಯಲು ಬೆಚ್ಚಗೆ, ಅದರ ಉಣ್ಣೆಯ ಎಳೆ ಮಾತ್ರ ಹೊಲಿಯುತ್ತಿರುವ ಬ್ಲೌಸಿಗೆ ಹತ್ತುತ್ತದೆ, ಬ್ಲೌಸಿನ ದಾರ ಕಂಬಳಿಗೆ ಹತ್ತುತ್ತದೆ. ಚಳಿಯಾದರೆ ಒಳಗೆ ಇನ್ನೊಂದು ಹತ್ತಿ ಬನಿಯನ್ ಹಾಕಿಕೊಳ್ಳಿ.

ಬಣ್ಣದ ವಿಷಯದಲ್ಲಿ ನಮ್ಮ ಸಲಹೆ: ಬಿಳಿ, ಕೆನೆಬಣ್ಣದ ಬಟ್ಟೆ ಹೊಲಿಯುವ ದಿನ ಕಡುಕೆಂಪು, ಕಡುನೀಲಿ ತೊಡಬೇಡಿ. ಬೆವರು ತಾಗಿದ ಹೊಸ ಬಟ್ಟೆ ಬಣ್ಣ ಬಿಡುತ್ತದೆ, ಅದು ಗಿರಾಕಿಯ ಬಟ್ಟೆಗೆ ಇಳಿದರೆ ತೆಗೆಯುವುದು ಕಷ್ಟ. ಉಳಿದ ದಿನಗಳಿಗೆ ಮಧ್ಯಮ ಬಣ್ಣದ ಸಣ್ಣ ಹೂವಿನ ಪ್ರಿಂಟು ಅನುಕೂಲ, ಕಪ್ಪು ಬಿಳಿ ಎರಡು ದಾರವೂ ಅದರ ಮೇಲೆ ಎದ್ದು ಕಾಣುವುದಿಲ್ಲ.

ನೈಟಿ, ಸೀರೆ, ಚೂಡಿದಾರ, ಲುಂಗಿ

ಮನೆಯಲ್ಲಿ ಹೊಲಿಯುವ ಹೆಂಗಸರಲ್ಲಿ ಹೆಚ್ಚಿನವರು ನೈಟಿಯಲ್ಲೇ ಕೂರುತ್ತಾರೆ. ಸಡಿಲ, ಗಾಳಿಯಾಡುತ್ತದೆ, ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಕೂತಾಗ ಎರಡು ಮೊಣಕಾಲುಗಳ ನಡುವೆ ಅದರ ಬಟ್ಟೆ ಜೋಳಿಗೆಯಂತೆ ಇಳಿಯುತ್ತದೆ. ಬಿದ್ದ ಪಿನ್ನು, ದಾರ, ಗುಂಡಿ ಎಲ್ಲ ಅದರೊಳಗೆ ಸೇರುತ್ತವೆ. ಇದು ಗುಣವೂ ಹೌದು, ದೋಷವೂ ಹೌದು. ಏಳುವ ಮುನ್ನ ಎರಡು ಕೈಯಿಂದ ಆ ಜೋಳಿಗೆ ಎತ್ತಿ ಡಬ್ಬಿಗೆ ಸುರಿದರೆ ನೆಲ ಸ್ವಚ್ಛ. ಗಡಿಬಿಡಿಯಲ್ಲಿ ಎದ್ದರೆ ಎಲ್ಲವೂ ಕಾಲಡಿಗೆ. ಕಾಲಿನ ಮಿಷನ್ನಿಗೆ ಪಾದ ಮುಟ್ಟುವ ನೈಟಿ ಅಪಾಯ. ಪೆಡಲ್ಲಿನ ಬಲಕ್ಕಿರುವ ದೊಡ್ಡ ಚಕ್ರಕ್ಕೂ ಬೆಲ್ಟಿಗೂ ನಡುವೆ ಅದರ ಅಂಚು ಹೋಗುತ್ತದೆ. ಮೊಣಕಾಲು ಕೆಳಗೆ ಒಂದು ಗೇಣು ಬರುವಷ್ಟು ಕಡಿಮೆ ಮಾಡಿ ಮಡಚಿ ಹೊಲಿದುಕೊಳ್ಳಿ. ಲೇಸು, ಫ್ರಿಲ್ಲು, ಕುತ್ತಿಗೆಯಲ್ಲಿ ಕಟ್ಟುವ ದಾರ ಇರುವ ನೈಟಿ ಬೇಡ.

ಸೀರೆಯಲ್ಲಿ ದಾರ ಅಡಗುವ ಜಾಗ ಹೆಚ್ಚು. ನೆರಿಗೆಗಳ ಒಳಗೆ, ಸೊಂಟದ ಮಡಿಕೆಯಲ್ಲಿ, ಸೆರಗಿನ ತಳದಲ್ಲಿ. ಬಗ್ಗಿದಾಗ ಸೆರಗು ಮುಂದಕ್ಕೆ ಜಾರಿ ಸೂಜಿಯ ಕೆಳಗೆ ಹೋದರೆ ಹೊಲಿಯುವ ಬಟ್ಟೆಯ ಜೊತೆ ಸೆರಗೂ ಸೇರಿ ಹೊಲಿದುಹೋಗುತ್ತದೆ. ಸೀರೆಯಲ್ಲೇ ಕೂರುವುದಾದರೆ ಹತ್ತಿ ಸೀರೆ ಇರಲಿ, ಮಾಮೂಲಿಗಿಂತ ನಾಲ್ಕು ಬೆರಳು ಎತ್ತರಕ್ಕೆ ಉಡಿ, ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಎಡಗಡೆ ಸೊಂಟಕ್ಕೆ ಸಿಗಿಸಿ. ಚಕ್ರ ಇರುವುದು ಬಲಕ್ಕೆ, ಆದ್ದರಿಂದ ಬಿಡಿ ತುದಿ ಎಡಕ್ಕೇ ಇರಬೇಕು. ಮೇಲೆ ಏಪ್ರನ್ ಕಡ್ಡಾಯ. ನೈಲಾನ್, ಜಾರ್ಜೆಟ್ ಸೀರೆ ಜಾರುತ್ತದೆ, ಪಿನ್ನು ಹಾಕಿದರೂ ನಿಲ್ಲುವುದಿಲ್ಲ.

ಚೂಡಿದಾರವೇ ಒಟ್ಟಿನಲ್ಲಿ ಒಳ್ಳೆಯ ಆಯ್ಕೆ, ವೇಲು ತೆಗೆದಿಟ್ಟರೆ. ಟಾಪಿನ ಮುಂಭಾಗ ತೊಡೆಯ ಮೇಲೆ ಸಪಾಟಾಗಿ ಹರಡುತ್ತದೆ, ಪಕ್ಕದ ಸೀಳಿನಿಂದಾಗಿ ಬಿಗಿಯುವುದಿಲ್ಲ. ಮುಕ್ಕಾಲು ತೋಳಿನ ಹತ್ತಿ ಟಾಪು, ಕೆಳಗೆ ನೇರ ಪ್ಯಾಂಟು. ಪಟಿಯಾಲದ ಅಗಲ ನೆರಿಗೆಗಳು ಸೀರೆಯ ತೊಂದರೆಯನ್ನೇ ತರುತ್ತವೆ. ಕನ್ನಡಿ ಕೆಲಸ, ಮಣಿ, ಚಮ್ಕಿ ಇರುವ ಟಾಪು ತೊಟ್ಟು ರೇಷ್ಮೆ ಮುಟ್ಟಲೇಬೇಡಿ. ಮೊಳಕಾಲ್ಮೂರು ಸೀರೆಗೆ ಫಾಲ್ ಹಚ್ಚುವಾಗ ಮಣಿಯ ಚೂಪು ಅಂಚು ತಗುಲಿದರೆ ನೇಯ್ಗೆಯ ಒಂದು ಎಳೆ ಕುಣಿಕೆಯಾಗಿ ಎದ್ದು ಬರುತ್ತದೆ, ಜರಿಯಾದರೆ ಮತ್ತೆ ಮೊದಲಿನಂತೆ ಕೂರುವುದಿಲ್ಲ.

ಗಂಡಸರಿಗೆ ಲುಂಗಿಯೂ ಪ್ಯಾಂಟೂ ಬೇರೆ ಬೇರೆ ಮಿಷನ್ನಿಗೆ ಹೊಂದುತ್ತವೆ. ಕಾಲಿನ ಮಿಷನ್ನಿನ ಮುಂದೆ ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ ನಡೆಯುತ್ತದೆ. ಪವರ್ ಮಿಷನ್ ನಿಮಿಷಕ್ಕೆ 4,000–5,000 ಹೊಲಿಗೆ ಹಾಕುತ್ತದೆ. ಬೆಲ್ಟಿನ ಮೇಲಿನ ಮುಚ್ಚಳ ಬಿದ್ದುಹೋಗಿದ್ದರೆ ಲುಂಗಿಯ ಸಡಿಲ ತುದಿಯನ್ನು ಅದು ಎಳೆದುಕೊಳ್ಳುವಾಗ ಕಾಲು ತೆಗೆಯಲೂ ಸಮಯ ಸಿಗದು. ಅಲ್ಲಿ ಪ್ಯಾಂಟೇ ಆಗಬೇಕು, ಮುಚ್ಚಳವನ್ನೂ ಹಾಕಿಸಬೇಕು. ಜೀನ್ಸ್ ದಪ್ಪ, ಪಿನ್ನು ಚುಚ್ಚದು, ದಾರವೂ ಸುಲಭವಾಗಿ ಉದುರುತ್ತದೆ. ಬೇಸಿಗೆಯಲ್ಲಿ ನಾಲ್ಕು ಗಂಟೆ ಕೂರಲು ಮಾತ್ರ ಆಗದು.

ಏಪ್ರನ್: ಕೊಳ್ಳುವುದಕ್ಕಿಂತ ಹೊಲಿದುಕೊಳ್ಳುವುದು

ಸೊಂಟಕ್ಕೆ ಕಟ್ಟುವ ಅರ್ಧ ಏಪ್ರನ್ ಬೇಸಿಗೆಗೆ ಹಗುರ, ಮಡಿಲಿಗೆ ಅಷ್ಟೇ ಸಾಕು. ಕುತ್ತಿಗೆಯಿಂದ ಬರುವ ಪೂರ್ತಿ ಏಪ್ರನ್ ವೆಲ್ವೆಟ್, ಬ್ರೊಕೇಡ್, ರಾ ಸಿಲ್ಕ್ ಕತ್ತರಿಸುವಾಗ ಬೇಕು, ಏಕೆಂದರೆ ಅವುಗಳ ಪುಡಿ ಎದೆಗೂ ಹಾರುತ್ತದೆ. ಅಡುಗೆಯ ಏಪ್ರನ್ನನ್ನೇ ಬಳಸಬೇಡಿ, ಎಣ್ಣೆಯ ಕಲೆ ಹೊಸ ಬಟ್ಟೆಗೆ ದಾಟುತ್ತದೆ.

ಅಂಗಡಿಯ ಏಪ್ರನ್ನುಗಳಲ್ಲಿ ಎರಡು ಕೊರತೆ ಸಾಮಾನ್ಯ. ಬಾಯಿ ತೆರೆದ ಆಳದ ಜೇಬಿನಲ್ಲಿ ದಾರ, ಸೂಜಿಯ ಮುರುಕು ಎಲ್ಲ ಸೇರುತ್ತವೆ. ಅಂಚಿಗೆ ಬರಿ ದಾರ ಸುತ್ತುವ ಓವರ್‌ಲಾಕ್ ಹಾಕಿರುವುದರಿಂದ ನಾಲ್ಕು ಒಗೆತಕ್ಕೆ ಅದೇ ದಾರ ಬಿಡಲು ಶುರುಮಾಡುತ್ತದೆ. ದಾರ ತಡೆಯಲು ತೊಟ್ಟದ್ದೇ ದಾರ ಉದುರಿಸಿದರೆ ಏನು ಬಂತು?

44 ಇಂಚು ಅಗಲದ ಪಾಪ್ಲಿನ್ 1 ಮೀಟರ್ ಸಾಕು. ಮೊದಲು ನೆನೆಸಿ ಒಣಗಿಸಿ, ಕುಗ್ಗುವುದೆಲ್ಲ ಕುಗ್ಗಲಿ. ಮೈಗೆ 28 ಇಂಚು ಅಗಲ, 34 ಇಂಚು ಉದ್ದದ ತುಂಡು. ಮೇಲಿನ ಎರಡು ಮೂಲೆಗಳನ್ನು ಕಂಕುಳಿಗೆ ಬರುವಂತೆ ಕಮಾನಾಗಿ ಕತ್ತರಿಸಿ, ಎದೆಯ ಮೇಲೆ 10 ಇಂಚು ಉಳಿಯಲಿ. ಪಕ್ಕದಲ್ಲಿ ಉಳಿದ ಪಟ್ಟಿಯಲ್ಲಿ 3 ಇಂಚು ಅಗಲದ ಮೂರು ಪಟ್ಟಿಗಳು ಬರುತ್ತವೆ: ಸೊಂಟಕ್ಕೆ 32 ಇಂಚಿನ ಎರಡು, ಕುತ್ತಿಗೆಗೆ 24 ಇಂಚಿನ ಒಂದು. ಮಿಕ್ಕದ್ದರಲ್ಲಿ 9 ಇಂಚು ಅಗಲ, 7 ಇಂಚು ಆಳದ ಒಂದೇ ಜೇಬು. ಅಂಚುಗಳನ್ನೆಲ್ಲ ಅರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿಯಿರಿ, ಕತ್ತರಿಸಿದ ತುದಿ ಹೊರಗೆ ಕಾಣಬಾರದು. ಕಮಾನಿನ ಅಂಚು ಎರಡು ಮಡಿಕೆಗೆ ಸುಕ್ಕುಗಟ್ಟಿದರೆ ಅಲ್ಲಿ ಮಾತ್ರ ಓರೆ ಪಟ್ಟಿ (ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ) ಹಚ್ಚಿ. ಜೇಬನ್ನು ಮಡಿಲಿನ ಮೇಲೆ ಇಡಬೇಡಿ, ಬಲ ಪಕ್ಕಕ್ಕೆ ಸರಿಸಿ. ಸೊಂಟದ ಗಂಟು ಬೆನ್ನ ಹಿಂದೆ ಬರಲಿ, ಗಂಟಿನ ಆಚೆಗಿನ ತುದಿ ಉದ್ದವಾಗಿ ಜೋಲಿದರೆ ಕತ್ತರಿಸಿ ಮತ್ತೆ ಮಡಚಿ.

ಇದಕ್ಕೊಂದು ಉಪಾಯ ಸೇರಿಸಬಹುದು. ಏಪ್ರನ್ನಿನ ಕೆಳಗಿನ ಎರಡು ಮೂಲೆಗಳನ್ನು ಮೇಜಿನ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದರೆ ನಿಮಗೂ ಮೇಜಿಗೂ ನಡುವೆ ಸಂದು ಉಳಿಯುವುದಿಲ್ಲ. ಬೀಳುವುದೆಲ್ಲ ಏಪ್ರನ್ನಿಗೇ ಬೀಳುತ್ತದೆ. ಮರೆತು ಎದ್ದರೂ ಕ್ಲಿಪ್ಪು ತಾನೇ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಬಿಗಿಯಾದ ಕಬ್ಬಿಣದ ಕ್ಲಿಪ್ಪು ಬೇಡ. ಕೈಹೊಲಿಗೆಗೆ, ಕುಚ್ಚು ಕಟ್ಟುವುದಕ್ಕೆ, ಹೊಲಿಗೆ ಬಿಚ್ಚುವುದಕ್ಕೆ ಇದು ಬಹಳ ಚೆನ್ನ. ಮಿಷನ್ ಓಡಿಸುವಾಗ ಮಾತ್ರ ಬಲಗಡೆಯ ಮೂಲೆ ಬೆಲ್ಟಿನ ಹತ್ತಿರ ಹೋಗದಂತೆ ಎಡಕ್ಕೆ ಸರಿಸಿಕೊಳ್ಳಿ.

ಕೈ, ಕೊರಳು, ಕೂದಲು, ಪಾದ

ತೋಳು ಮುಕ್ಕಾಲು ಅಥವಾ ಅರ್ಧ. ಪೂರ್ತಿ ತೋಳಾದರೆ ಕಫಿನ ಗುಂಡಿ ಹಾಕಿರಬೇಕು. ಗಾಜಿನ ಬಳೆ ಮಿಷನ್ನಿಗೆ ಬಡಿದು ಒಡೆದರೆ ಚೂರು ಬಟ್ಟೆಯ ಮಡಿಕೆಯೊಳಗೆ ಸೇರಿ, ತೊಡುವವರ ಮೈಗೆ ಚುಚ್ಚುತ್ತದೆ. ಬಲಗೈ ಬಳೆಗಳನ್ನು ಮೊಣಕೈ ಕಡೆ ಏರಿಸಿ ಅಗಲ ರಬ್ಬರ್ ಬ್ಯಾಂಡ್ ಹಾಕಿದರೆ ತೆಗೆಯದೆಯೂ ನಡೆಯುತ್ತದೆ. ಮಾಂಗಲ್ಯದ ಸರ, ಉದ್ದ ಕರಿಮಣಿ ಬ್ಲೌಸಿನ ಒಳಗಿರಲಿ. ಹರಳಿನ ಉಂಗುರ ರೇಷ್ಮೆಯ ದಿನ ಡಬ್ಬಿಯಲ್ಲಿರಲಿ. ಜಡೆಯನ್ನು ತುರುಬು ಕಟ್ಟಿ. ಬಗ್ಗಿ ಸೂಜಿಗೆ ದಾರ ಪೋಣಿಸುವಾಗ ಮುಂದಲೆಯ ಕೂದಲು ದಾರ ಎತ್ತುವ ಕಡ್ಡಿಗೆ ತೀರಾ ಹತ್ತಿರ ಹೋಗುತ್ತದೆ, ಆಗ ಕಾಲು ಪೆಡಲ್ಲಿನಿಂದ ಕೆಳಗಿರಬೇಕು.

ಕಾಲುಂಗುರ, ಕಾಲ್ಚೈನುಗಳಿಗೆ ನೆಲದ ದಾರ ಸುತ್ತಿಕೊಂಡು ಪೆಡಲ್ಲಿನ ಸಂದಿಗೆ ಸೇರುವುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪೆಡಲ್ ಇದ್ದಕ್ಕಿದ್ದಂತೆ ಭಾರವೆನಿಸಿದರೆ ಎಣ್ಣೆ ಬಿಡುವ ಮುನ್ನ ಚಕ್ರದ ಅಚ್ಚಿನ ಸುತ್ತ ನೋಡಿ, ದಾರ ಸುತ್ತಿಕೊಂಡು ಬಿಗಿದಿರಬಹುದು. ಕಾಲುಚೀಲ ದಾರವನ್ನೆಲ್ಲ ಹೊತ್ತು ತರುತ್ತದೆ. ಹವಾಯಿ ಚಪ್ಪಲಿ ಪೆಡಲ್ಲಿನ ಮೇಲೆ ಜಾರುತ್ತದೆ. ಬರಿಗಾಲು ಸರಿ, ಬೀಡಿನ ಪೆಡಲ್ಲಿನ ಮೇಲೆ ತೆಳು ರಬ್ಬರ್ ಹಾಸು ಅಂಟಿಸಿದರೆ ಪಾದ ನೋಯುವುದಿಲ್ಲ. ಪಿನ್ನು ಹೆಚ್ಚು ಬಳಸುವವರು ಮನೆಯೊಳಗಿಗೆಂದೇ ತೆಳು ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಇಟ್ಟುಕೊಳ್ಳುವುದು ಒಳ್ಳೆಯದು.

ದಾರ ಹುಟ್ಟುವಲ್ಲೇ ಹಿಡಿಯುವುದು

ಒಳ್ಳೆಯ ಉಡುಪು ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಮಿಷನ್ನಿನ ಮೇಲೆಯೇ ಆಗಬೇಕು. ಹೊಲಿಗೆ ಶುರುಮಾಡುವಾಗ ಸೂಜಿಯ ದಾರ, ಕೆಳಗಿನ ಸಣ್ಣ ಉರುಳೆಯಿಂದ ಬರುವ ಬಾಬಿನ್ ದಾರ ಎರಡನ್ನೂ ಸುಮಾರು 4 ಇಂಚು ಎಳೆದು, ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ಟಿನ ಕೆಳಗಿನಿಂದ ಹಿಂದಕ್ಕೆ ಹಾಕಿ, ಮೊದಲ ಎರಡು ಮೂರು ಹೊಲಿಗೆ ಬೀಳುವವರೆಗೆ ಬೆರಳಲ್ಲಿ ಹಿಡಿಯಿರಿ. ಹಿಡಿಯದಿದ್ದರೆ ಬಿಡಿ ತುದಿ ಕೆಳಗೆ ಹೋಗಿ ಬಾಬಿನ್ ಕಡೆ ಗೋಜಲಾಗುತ್ತದೆ, ಆ ಗೋಜಲು ಬಿಚ್ಚುವಾಗಲೇ ಹೆಚ್ಚು ಚೂರು ಬೀಳುವುದು. ನಿಲ್ಲಿಸುವಾಗ ದಾರ ಎತ್ತುವ ಕಡ್ಡಿ ಪೂರ್ತಿ ಮೇಲಿರಬೇಕು. ಅರ್ಧದಲ್ಲಿ ನಿಲ್ಲಿಸಿ ದಾರ ಕತ್ತರಿಸಿದರೆ ಮುಂದಿನ ಹೊಲಿಗೆಯಲ್ಲಿ ಕಡ್ಡಿ ಮೇಲೇರುತ್ತಾ ಗಿಡ್ಡ ತುದಿಯನ್ನು ಸೂಜಿಯ ಕಣ್ಣಿನಿಂದ ಹೊರಗೆಳೆಯುತ್ತದೆ.

ಇನ್ನೂ ಉತ್ತಮ ದಾರಿ ಸರಣಿ ಹೊಲಿಗೆ. ಯೂನಿಫಾರಂ ಸೀಸನ್ನಿನಲ್ಲಿ ಹತ್ತು ಅಂಗಿಯ ಕಾಲರ್ ಹೊಲಿಯುವಾಗ ಒಂದು ಮುಗಿದ ಕೂಡಲೇ ದಾರ ಕತ್ತರಿಸದೆ ಇನ್ನೊಂದನ್ನು ಫುಟ್ಟಿನ ಕೆಳಗೆ ತಳ್ಳಿ. ಎರಡರ ನಡುವೆ ಅರ್ಧ ಇಂಚು ದಾರ ಉಳಿದರೆ ಸಾಕು. ಕೊನೆಯಲ್ಲಿ ಒಂದು ಚಿಂದಿಯ ಮೇಲೆ ಹೊಲಿಗೆ ಮುಗಿಸಿ, ಅದನ್ನು ಅಲ್ಲೇ ಬಿಡಿ. ಮುಂದಿನ ಕೆಲಸ ಅದೇ ಚಿಂದಿಯಿಂದ ಶುರುವಾಗುತ್ತದೆ. ಪ್ರತಿ ಸಲ ಹೋಗುತ್ತಿದ್ದ ಆ ಉದ್ದ ತುದಿ ಹುಟ್ಟುವುದೇ ಇಲ್ಲ, ರೀಲೂ ಉಳಿಯುತ್ತದೆ. ಮಧ್ಯೆ ಕತ್ತರಿಸಿದ ಹೊಲಿಗೆ ಬಿಚ್ಚದಿರಲು ಆರಂಭ, ಅಂತ್ಯಗಳಲ್ಲಿ ಮೂರು ನಾಲ್ಕು ಹಿಂಹೊಲಿಗೆ ಬೇಕು.

ಕತ್ತರಿಸಲು ಯಾವುದು? ಬಟ್ಟೆ ಕತ್ತರಿಸುವ 10 ಇಂಚಿನ ಕತ್ತರಿ ಇದಕ್ಕೆ ಭಾರ, ತುದಿ ತಪ್ಪಿ ಬಟ್ಟೆಗೇ ಬಾಯಿ ಹಾಕುತ್ತದೆ. ಮಿಷನ್ನಿನ ಪಕ್ಕದ ಚಿಕ್ಕ ಬ್ಲೇಡು ವೇಗಕ್ಕೆ ಸರಿ, ಆದರೆ ಬಟ್ಟೆಯ ಮೇಲೆ ಉದ್ದ ತುದಿ ಬಿಡುವುದರಿಂದ ಮತ್ತೊಮ್ಮೆ ಕತ್ತರಿಸಬೇಕು. ಸ್ಪ್ರಿಂಗ್ ಇರುವ 4–5 ಇಂಚಿನ ಟ್ರಿಮ್ಮರ್ ಎಲ್ಲಕ್ಕಿಂತ ಒಳ್ಳೆಯದು, 2–3 ಮಿಲಿಮೀಟರ್ ಬಿಟ್ಟು ಕತ್ತರಿಸಬಹುದು. ಕತ್ತರಿಸುವಾಗ ಎಡಗೈಯಲ್ಲಿ ತುದಿಯನ್ನು ಹಿಡಿದೇ ಇರಿ, ತುಂಡಾದ ಚೂರು ಬೆರಳಲ್ಲೇ ಉಳಿಯುತ್ತದೆ, ನೇರ ಡಬ್ಬಿಗೆ ಹಾಕಿ. ಕೈಯಿಂದ ಎಳೆದು ಹರಿದರೆ ಹೊಲಿಗೆ ಸುಕ್ಕುಗಟ್ಟುತ್ತದೆ, ಪಾಲಿಯೆಸ್ಟರ್ ದಾರ ಬೆರಳನ್ನೂ ಕೊಯ್ಯುತ್ತದೆ. ಹಲ್ಲಿನಿಂದ ಕಡಿಯುವ ಅಭ್ಯಾಸ ಬಿಡಿ, ಮುಂದಿನ ಹಲ್ಲಿನ ಅಂಚು ಸವೆಯುತ್ತದೆ.

ಲೈಟರಿನಿಂದ ಸುಡುವುದು ಪಾಲಿಯೆಸ್ಟರ್, ನೈಲಾನ್ ದಾರಕ್ಕೆ ಮಾತ್ರ, ಅದೂ ಒಳಬದಿಯಲ್ಲಿ ಬೇಡ, ಕರಗಿದ ತುದಿ ಗಟ್ಟಿ ಮಣಿಯಾಗಿ ಚರ್ಮಕ್ಕೆ ಕೆರೆಯುತ್ತದೆ. ಹತ್ತಿ, ರೇಯಾನ್ ಕರಗುವುದಿಲ್ಲ, ಉರಿಯುತ್ತವೆ. ಕುಚ್ಚಿಗೆ ಬಳಸುವ ಹೊಳಪಿನ ದಾರ ಹಲವು ಸಲ ರೇಯಾನ್ ಆಗಿರುತ್ತದೆ. ಅದರ ಗಂಟಿಗೆ ಬಟ್ಟೆ ಅಂಟಿನ ಒಂದು ಹನಿ ಹಾಕಿ, ಒಣಗಿದ ಮೇಲೆ ಕತ್ತರಿಸಿ.

ಅಂಚಿನಿಂದ ಉದುರುವ ಎಳೆ ಬೇರೆಯೇ ಸಮಸ್ಯೆ. ಬ್ರೊಕೇಡ್, ರಾ ಸಿಲ್ಕ್, ಲಿನನ್, ಜಾರ್ಜೆಟ್ ಕತ್ತರಿಸಿದ ಕ್ಷಣದಿಂದ ಬಿಚ್ಚಲು ಶುರು. ಇವುಗಳನ್ನು ಕತ್ತರಿಸಿದ ಕೂಡಲೇ, ಜೋಡಿಸುವ ಮುನ್ನವೇ, ಅಂಚಿಗೆ ಓವರ್‌ಲಾಕ್ ಹಾಕಿ. ಓವರ್‌ಲಾಕ್ ಮಿಷನ್ನಿನ ಕೆಳಗೆ ಅಗಲ ಬಾಯಿಯ ಚೀಲವನ್ನು ಮೇಜಿಗೆ ಅಂಟುಪಟ್ಟಿಯಿಂದ ಹಚ್ಚದಿದ್ದರೆ ಒಂದೇ ಮಧ್ಯಾಹ್ನಕ್ಕೆ ಕೋಣೆ ತುಂಬುತ್ತದೆ.

ಮೈಮೇಲೆ ಉಳಿದದ್ದು, ನೆಲಕ್ಕೆ ಬಿದ್ದದ್ದು

ಹತ್ತಿ ಉಡುಪಿನ ಮೇಲಿನ ದಾರಕ್ಕೆ ಮೊದಲು ಕೊಡವುವುದು, ಆಮೇಲೆ ಒದ್ದೆ ಅಂಗೈಯಿಂದ ಒಂದೇ ದಿಕ್ಕಿಗೆ ಸವರುವುದು. ದಾರ ಉಂಡೆಯಾಗಿ ಕೈಗೆ ಬರುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸ್ವಲ್ಪ ಒದ್ದೆ ಮಾಡಿ ಸವರಿದರೆ ಇನ್ನೂ ಬೇಗ. ಪಾಲಿಯೆಸ್ಟರಿಗೆ ಅಂಟಿನ ರೋಲರ್ ಬೇಕು, ಅದಿಲ್ಲದಿದ್ದರೆ 2 ಇಂಚಿನ ಪಾರ್ಸೆಲ್ ಟೇಪನ್ನು ಅಂಟು ಹೊರಗೆ ಬರುವಂತೆ ಬೆರಳುಗಳಿಗೆ ಸುತ್ತಿ ಒತ್ತಿ ತೆಗೆಯಿರಿ. ಹೊಲಿದ ರೇಷ್ಮೆಗೆ ಈ ಮೂರೂ ಬೇಡ: ನೀರು ಕಲೆ ಬಿಡುತ್ತದೆ, ಟೇಪು ಜರಿಯನ್ನು ಕೀಳುತ್ತದೆ. ವೆಲ್ವೆಟ್ ಚೂರೊಂದನ್ನು ಅಂಗೈಗೆ ಸುತ್ತಿ ಒಣದಾಗಿಯೇ ಹಗುರವಾಗಿ ಸವರಿ.

ನೆಲದಲ್ಲಿ ಮೊದಲು ಆಯಸ್ಕಾಂತ ಆಡಿಸಿ ಪಿನ್ನು ಎತ್ತಿ. ಹುಲ್ಲಿನ ಕಸಬರಿಗೆಗೆ ದಾರ ಹೆಣೆದುಕೊಳ್ಳುತ್ತದೆ, ತೆಂಗಿನ ಕಡ್ಡಿಯದಕ್ಕೆ ಸಿಗುವುದೇ ಇಲ್ಲ. ನೀರು ಬಳಿಯುವ ರಬ್ಬರ್ ವೈಪರನ್ನು ಒಣ ನೆಲದ ಮೇಲೆ ಎಳೆದರೆ ಟೈಲ್ಸಿನ ದಾರವೆಲ್ಲ ಒಂದೆಡೆ ಕೂಡುತ್ತದೆ. ಗುಡಿಸುವಾಗ ಫ್ಯಾನ್ ಆರಿಸಿ. ಚಿತ್ರದುರ್ಗದಲ್ಲಿ ಆಷಾಢದ ಗಾಳಿಗೆ ಕಿಟಕಿಯನ್ನೂ ಮುಚ್ಚಬೇಕಾಗುತ್ತದೆ. ಮಿಷನ್ನಿನ ಒಳಗಿನ ಅರಳೆಯಂಥ ಧೂಳನ್ನು ಬಾಯಿಂದ ಊದಬೇಡಿ. ಉಸಿರಿನ ತೇವ ಶಟಲ್ಲಿಗೆ ತುಕ್ಕು ಹಿಡಿಸುತ್ತದೆ, ಧೂಳೂ ಇನ್ನಷ್ಟು ಒಳಗೆ ಹೋಗುತ್ತದೆ. ಬಾಬಿನ್ ಕೇಸ್ ತೆಗೆದು ಸಣ್ಣ ಬ್ರಶ್ಶಿನಿಂದ ಗುಡಿಸಿ, ನಂತರ ಒಂದು ಹನಿ ಮಿಷನ್ ಎಣ್ಣೆ.

ದಾರವನ್ನು ಅಂಗಳಕ್ಕೆ ಎಸೆಯಬಾರದು. ಕೋಳಿ, ಪಾರಿವಾಳಗಳ ಕಾಲಿಗೆ ಸುತ್ತಿ ಬೆರಳು ಉದುರುತ್ತದೆ. ಹಸಿ ಕಸಕ್ಕೆ ಹಾಕಿದರೆ ದನದ ಹೊಟ್ಟೆ ಸೇರುತ್ತದೆ. ಒಣ ಕಸದ ಜೊತೆ ಚೀಲದಲ್ಲಿ ಕಟ್ಟಿ ಕೊಡಿ.

ಮನೆಯಲ್ಲಿ ಹಸುಗೂಸಿದ್ದರೆ ಹೊಲಿಗೆಯ ಬಟ್ಟೆಯಲ್ಲೇ ಎತ್ತಿಕೊಳ್ಳಬೇಡಿ. ಏಪ್ರನ್ ಕಳಚಿ, ಕೈ ತೊಳೆದು ಎತ್ತಿ. ದಾರ ಅಥವಾ ಕೂದಲೆಳೆ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತ ಓಡಾಟ ನಿಂತು ಬೆರಳು ಊದಿ ಕೆಂಪೇರುತ್ತದೆ, ಊತದಲ್ಲಿ ಎಳೆ ಹುದುಗಿ ಕಣ್ಣಿಗೆ ಕಾಣದು. ಕಾರಣವಿಲ್ಲದೆ ಅಳುತ್ತಿರುವ ಮಗುವಿನ ಕಾಲುಚೀಲ ಬಿಚ್ಚಿ ಬೆರಳುಗಳನ್ನು ಒಂದೊಂದಾಗಿ ನೋಡಿ. ಸುತ್ತಿರುವುದು ಕಂಡು ಕೂಡಲೇ ಬಿಡಿಸಲಾಗದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು.

ಏಪ್ರನ್ನನ್ನು ವಾರಕ್ಕೊಮ್ಮೆ ಬೇರೆಯಾಗಿ ಒಗೆಯಿರಿ. ನೆನೆಸುವ ಮುನ್ನ ಜೇಬನ್ನು ಹೊರಮಗ್ಗುಲು ಮಾಡಿ, ಮಡಚಿದ ಅಂಚಿನುದ್ದಕ್ಕೂ ಬೆರಳಾಡಿಸಿ. ಕಾಣೆಯಾದ ಸೂಜಿ ಹೆಚ್ಚಾಗಿ ಅಲ್ಲೇ ಸಿಗುತ್ತದೆ.